ಹೊಸ್ತಿಲ ಮೇಲಿನ ಹಲಗೆ

ನನ್ನ ಹೆಸರು ಸಮೀವುಲ್ಲಾ. ಪಾಂಡವಪುರದ ಬಸ್ ನಿಲ್ದಾಣದ ಹಿಂದೆ ಸೈಕಲ್ ಶಾಪ್ ಇಟ್ಟುಕೊಂಡು ಇಪ್ಪತ್ತೆಂಟು ವರ್ಷವಾಯಿತು. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಊರೆಲ್ಲ ಹೇಳುತ್ತದೆ. ಹೇಳಲಿ ಬಿಡಿ. ಪಂಕ್ಚರ್ ಆದ ಸೈಕಲ್ಲನ್ನು ಎರಡು ಮೈಲಿ ತುಳಿದುಕೊಂಡೇ ಬಂದು, ಟ್ಯೂಬನ್ನು ಚಿಂದಿ ಮಾಡಿ, "ಬೇಗ ಆಕೊಡಿ ಸಾಬ್ರೇ, ಹೊತ್ತಾಯ್ತು" ಎನ್ನುವವರ ಹತ್ತಿರ ಹಲ್ಲು ಕಿರಿಯುತ್ತಾ ನಿಲ್ಲಲು ನನ್ನಿಂದಾಗದು. ಆದರೆ ಇಲ್ಲಿ ನಾನು ಬೈಯಲು ಕೂತಿರುವುದು ಬೇರೆ ಯಾರನ್ನೂ ಅಲ್ಲ, ನನ್ನನ್ನೇ. ಹೇಳಬೇಕಾಗಿರುವುದು ತೊಣ್ಣೂರಿನ ಹೊನ್ನಪ್ಪನ ವಿಷಯ.

ಗುರುವಾರ ಮಧ್ಯಾಹ್ನದ ಮೇಲೆ ಅಂಗಡಿ ಮುಚ್ಚಿ ತೊಣ್ಣೂರಿನ ದರ್ಗಾಕ್ಕೆ ಹೋಗಿಬರುವುದು ನಮ್ಮ ಅಪ್ಪನ ಕಾಲದಿಂದ ಬಂದ ರೂಢಿ. ಸೈಕಲ್ಲಿನಲ್ಲೇ ಹೋಗುತ್ತಿದ್ದೆ. ಊರೊಳಗೆ ತಿರುಗುವ ಕಡೆ ಒಂದು ಹೆಂಚಿನ ಮನೆ, ಮುಂದೆ ಜಗುಲಿ. ತೊಂಬತ್ತೈದನೇ ಇಸವಿಯ ಒಂದು ಗುರುವಾರ ಅದರ ಮುಂದೆ ಹಾದುಹೋಗುವಾಗ ಒಳಗಿನಿಂದ ಯಾರೋ ಕೂಗಿದರು.

"ಬಾಯ್, ನಿಮ್ಮ ಸೈಕಲ್ಲು ಇಂದ್ಲು ಗಾಲಿ ಬೇರಿಂಗು ಓಗ್ಬುಟ್ಟದೆ. ಒಂದ್ ತಿಂಗ್ಳಿಂದ ಕೇಳ್ತಾವ್ನಿ, ಇನ್ನೂ ಸರಿ ಮಾಡ್ಕಂಡಿಲ್ವಲ್ಲ!"

ಸೈಕಲ್ ಶಾಪಿನವನಿಗೇ ಸೈಕಲ್ಲಿನ ಪಾಠ! ಪಿತ್ತ ನೆತ್ತಿಗೇರಿತು. ಇಳಿದು ಬಾಗಿಲ ಹತ್ತಿರ ಹೋಗಿ, "ಯಾವನ್ಲಾ ಅವ್ನು? ತಾಕತ್ತಿದ್ರೆ ಎದ್ದು ಈಚೆಗೆ ಬಾ" ಎಂದು ಗದರಿದೆ.

"ಅದೊಂದ್ ಬುಟ್ಟು ಬ್ಯಾರೆ ಏನಾರ ಏಳಿ ಬಾಯ್" ಎಂದು ಒಳಗಿನವನು ನಕ್ಕ.

ಒಳಗಿನ ಮಬ್ಬಿಗೆ ಕಣ್ಣು ಹೊಂದಿಕೊಂಡ ಮೇಲೆ ಕಾಣಿಸಿತು. ಮೂವತ್ತರ ಆಸುಪಾಸಿನ ಗಂಡಸು ಗೋಡೆಗೆ ಒರಗಿ ಕೂತು ಕತ್ತದ ಹಗ್ಗ ಹೊಸೆಯುತ್ತಿದ್ದ. ತೋಳೆರಡೂ ದಪ್ಪಗೆ, ಗಟ್ಟಿಯಾಗಿದ್ದವು. ಸೊಂಟದಿಂದ ಕೆಳಗೆ ಕಂಬಳಿ ಹೊದ್ದಿದ್ದ. ಆ ಕಂಬಳಿಯೊಳಗೆ ಕಾಲುಗಳಿವೆಯೋ ಇಲ್ಲವೋ ಎಂದು ಅನುಮಾನ ಬರುವಂತಿತ್ತು. ಬೇರಿಂಗು ಹೋಗಿದ್ದೂ ನಿಜವೇ, ಅದನ್ನು ಒಪ್ಪಿಕೊಳ್ಳುತ್ತೇನೆ.

ಅವನ ತಾಯಿ ಮಾದಮ್ಮ ಒಳಗಿನಿಂದ ಟೀ ತಂದುಕೊಟ್ಟು ಎಲ್ಲ ಹೇಳಿದರು. ಗಂಡ ಸತ್ತು ಬಹಳ ಕಾಲವಾಗಿತ್ತು. ಇದ್ದವನು ಇವನೊಬ್ಬನೇ. ಸ್ವಂತ ಜಮೀನಿನ ಕೆಲಸ ಮುಗಿಸಿ ಕಬ್ಬಿನ ಲಾರಿ ತುಂಬಲೂ ಹೋಗುತ್ತಿದ್ದನಂತೆ. ನಾಲ್ಕು ವರ್ಷದ ಕೆಳಗೆ, ತುಂಬಿದ ಲೋಡಿನ ಮೇಲೆ ನಿಂತು ಹಗ್ಗ ಬಿಗಿಯುವಾಗ ಹಗ್ಗ ಕಿತ್ತು, ಬೆನ್ನಡಿಯಾಗಿ ಕಲ್ಲಿನ ಮೇಲೆ ಬಿದ್ದ. ಮೈಸೂರಿನ ಆಸ್ಪತ್ರೆಯಲ್ಲಿ ಎರಡು ತಿಂಗಳಿಟ್ಟುಕೊಂಡು, ಸೊಂಟದ ಕೆಳಗೆ ಇನ್ನು ಸ್ವಾಧೀನ ಬರುವುದಿಲ್ಲ ಎಂದು ಕಳಿಸಿದರು. ಗೊತ್ತಾಗಿದ್ದ ಮದುವೆ ಮುರಿದುಹೋಯಿತು. ಊರಿನವರು ಮಾದಮ್ಮನ ಎದುರಿಗೇ, ಹೀಗೆ ಬದುಕುವುದಕ್ಕಿಂತ ಅವತ್ತೇ ಹೋಗಿದ್ದರೆ ಚೆನ್ನಾಗಿತ್ತು ಅಂದರಂತೆ.

"ನಾನು ಅಳ್ಲಿಲ್ಲ ಕಣ್ ಸಾಬಣ್ಣ" ಎಂದರು ಮಾದಮ್ಮ. "ನನ್ ಬಾಯ್ಗೆ ನೀರು ಬುಡಕ್ಕೆ ಒಬ್ಬ ಮಗ ಉಳುದ್ನಲ್ಲ. ಕಾಲಿಲ್ದಿದ್ರೇನು, ಕೈ ಅದೆಯಲ್ಲ. ಅಷ್ಟು ಸಾಕು ನಂಗೆ."

ಜಗುಲಿಯ ಮೇಲೆ ಒಂದು ಮೂರು ಗಾಲಿ ಗಾಡಿ ನಿಂತಿತ್ತು. ಯಾವುದೋ ಶಿಬಿರದಲ್ಲಿ ಹಾರ ಹಾಕಿ ಫೋಟೋ ಹಿಡಿದು ಕೊಟ್ಟದ್ದು. ಗಾಡಿಯ ಅಗಲ ಮೂರಡಿ, ಮನೆಯ ಬಾಗಿಲು ಎರಡೂಕಾಲು. ಒಳಗಿನಿಂದ ಇವನನ್ನು ಎತ್ತಿ ತಂದು ಅದರಲ್ಲಿ ಕೂರಿಸಲು ಇಬ್ಬರು ಗಂಡಾಳು ಬೇಕು. ಮೊದಲ ತಿಂಗಳು ಬಂದರು, ಆಮೇಲೆ ಅವರವರ ಕೆಲಸ ಅವರವರಿಗೆ. ಗಾಡಿಯ ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತ್ತು. ಅಲ್ರೀ, ಗಾಡಿ ಕೊಡುವ ಮುಂಚೆ ಬಾಗಿಲು ಎಷ್ಟಗಲ ಎಂದು ಒಂದು ಮಾತು ಕೇಳಬಾರದೇ?

ಹೊನ್ನಪ್ಪ ಮಾತ್ರ ಯಾರನ್ನೂ ದೂರಲಿಲ್ಲ. "ಬಾಯ್, ನಾಕು ವರ್ಸದಿಂದ ಇಲ್ಲಿ ಕುಂತು ಜನದ ಕಾಲು ನೋಡ್ತಾವ್ನಿ. ನಡಿಗೆ ನೋಡುದ್ರೆ ಯಾರು ಅಂತ ಏಳ್ಬುಡ್ತೀನಿ. ನಂಗೆ ಓಡಾಡ್ಬೇಕು ಅಂತಿಲ್ಲ. ಎತ್ರಪ್ಪೋ ಅಂತ ಒಬ್ಬರ್ನೂ ಕೂಗ್ದಂಗೆ, ನಾನೇ ಈ ಬಾಗ್ಲು ದಾಟ್ಬೇಕು. ಅದೊಂದೇಯ" ಎಂದ.

ಆ ಒಂದು ಮಾತು ನನ್ನನ್ನು ಹಿಡಿದುಕೊಂಡಿತು. ದಾರ ತೆಗೆದು ಅವನ ತೋಳಿನುದ್ದ, ಸೊಂಟದಗಲ, ಬಾಗಿಲಿನಗಲ ಎಲ್ಲ ಅಳೆದು ಗಂಟು ಹಾಕಿಕೊಂಡು ಬಂದೆ. ಎರಡು ತಿಂಗಳು ಅಂಗಡಿಯ ಹಿಂದೆ ಅದೇ ಕೆಲಸ. ಮಕ್ಕಳ ಸೈಕಲ್ಲಿನ ಎರಡು ಗಾಲಿ ಹಿಂದಕ್ಕೆ, ಒಂದು ಮುಂದಕ್ಕೆ. ಎದೆಯ ಮಟ್ಟಕ್ಕೆ ಕೈಪೆಡಲು, ಅಲ್ಲಿಂದ ಮುಂದಿನ ಗಾಲಿಗೆ ಚೈನು. ಅಗಲ ಎರಡಡಿಗೆ ಎರಡು ಬೆರಳು ಕಡಿಮೆ. ಸೀಟಿಗೆ ಮೆತ್ತನೆ ಹಾಸು ಹೊಲಿದುಕೊಟ್ಟವಳು ನನ್ನ ಹೆಂಡತಿ ಶಾಹಜಹಾನ್ ಬೇಗಂ. "ನನಗೊಂದು ಬಾಗಿಲ ಚಿಲಕ ಹಾಕಿಕೊಡಿ ಅಂದರೆ ಮೂರು ವರ್ಷ, ತೊಣ್ಣೂರಿನವರಿಗೆ ಮಾತ್ರ ರಥ" ಎಂದು ಚುಚ್ಚಿದಳು. ಚುಚ್ಚುತ್ತಲೇ ಹೊಲಿದಳು. ಅವನ ಕಾಲುಗಳು ತಾವಾಗಿಯೇ ಅದುರಿ ಜಾರುತ್ತಿದ್ದವು. ಅದಕ್ಕೆಂದು ಸೈಕಲ್ ಟ್ಯೂಬು ಕತ್ತರಿಸಿ, ಕಾಲನ್ನು ಗಾಡಿಗೆ ಕಟ್ಟಿಕೊಳ್ಳಲು ಎರಡು ಪಟ್ಟಿ ಮಾಡಿದೆ. ಇನ್ನೇನೂ ಬಾಕಿ ಇಲ್ಲ ಎಂದುಕೊಂಡೆ.

ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ತೊಣ್ಣೂರಿಗೆ ಹೋದೆ. ಒಳಗೆ ಒಯ್ದು ಇಟ್ಟೆವು. ಹೊನ್ನಪ್ಪ ತೋಳಿನ ಬಲದಿಂದಲೇ ನೆಲದಿಂದ ಮಣೆಗೆ, ಮಣೆಯಿಂದ ಮಂಚಕ್ಕೆ, ಮಂಚದಿಂದ ಗಾಡಿಗೆ ಏರಿ ಕೂತ. ಪೆಡಲು ತಿರುಗಿಸಿದ. ನಡುಮನೆಯಲ್ಲಿ ಒಂದು ಸುತ್ತು ಬಂದ. ಮಾದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಗಾಡಿ ಬಾಗಿಲಿಗೆ ಬಂದು ನಿಂತಿತು. ಮುಂದೆ ಹೊಸ್ತಿಲು. ಒಂದು ಗೇಣು ಎತ್ತರದ ಹಲಸಿನ ಮರದ ಹೊಸ್ತಿಲು.

ಅಗಲ ಅಳೆದಿದ್ದೆ, ಎತ್ತರ ಅಳೆದಿರಲಿಲ್ಲ. ಶಿಬಿರದ ಗಾಡಿ ಕೊಟ್ಟವರಿಗೆ ಬೈದ ಬಾಯಿ ನನ್ನದು! ನಾಚಿಕೆ ಮುಚ್ಚಿಕೊಳ್ಳಲು ಜೋರಾಗಿ, "ಅದಕ್ಯಾಕೆ ಯೋಚನೆ? ಗರಗಸ ತರ್ತೀನಿ, ಕುಯ್ದಾಕ್ಬುಡೋಣ" ಎಂದೆ.

ಮಾದಮ್ಮನ ಮುಖ ಕಪ್ಪಿಟ್ಟಿತು. "ಸಾಬಣ್ಣ, ನೀವು ನಮಾಜು ಮಾಡೋ ಚಾಪೆ ಮ್ಯಾಲೆ ಯಾರಾರ ಗಾಡಿ ಓಡ್ಸುದ್ರೆ ಸುಮ್ಕಿದ್ದೀರಾ?"

ನಾನು ಗಾಡಿಯನ್ನು ಹೊಸ್ತಿಲಿನಿಂದ ಹಿಂದಕ್ಕೆ ಎಳೆದೆ.

"ಇದೇ ಒಸ್ಲು ಮ್ಯಾಲೆ ಇಟ್ಟಿದ್ದ ಅಕ್ಕಿ ಸೇರು ಒದ್ದು ಈ ಮನೆಗೆ ಬಂದೋಳು ನಾನು. ನಮ್ಮತ್ತೆ ಬಳುದ್ ಅರ್ಸ್ನದ ಮ್ಯಾಲೆ ನಾನು ಬಳ್ದಿವ್ನಿ. ಕುಯ್ಯೋದಿರ್ಲಿ, ಇದುನ್ನ ತುಳಿಯಾಕೂ ಬುಡಕಿಲ್ಲ."

ಬೇರೆ ಯಾರಾದರೂ ಆಗಿದ್ದರೆ ಮಗನಿಗಿಂತ ಮರ ಹೆಚ್ಚಾಯಿತೇ ಎಂದು ಜಗಳ ತೆಗೆಯುತ್ತಿದ್ದೆ. ಆ ಹೆಂಗಸಿನ ಎದುರು ಆ ಮಾತು ಬರಲಿಲ್ಲ. ಹೊನ್ನಪ್ಪನೂ ತಾಯಿಗೆ ಎದುರಾಡಲಿಲ್ಲ. ಹೊಸ್ತಿಲು ಇರಲೇಬೇಕು, ಅವನು ದಾಟಲೇಬೇಕು. ನಾನು ಮೂರು ದಿನ ತಲೆ ಕೆಡಿಸಿಕೊಂಡೆ.

ಕೊನೆಗೆ ಮಾಡಿದ್ದು ಒಂದು ಹಲಗೆ. ಒಳಗಡೆ ಒಂದು ಇಳಿಜಾರು, ಹೊರಗಡೆ ಜಗುಲಿಯ ಮೇಲೆ ಒಂದು ಇಳಿಜಾರು, ನಡುವೆ ಹೊಸ್ತಿಲ ಮೇಲೆ ಎರಡು ಬೆರಳೆತ್ತರದಲ್ಲಿ ಸೇತುವೆ. ಕೆಳಗೆ ಕಬ್ಬಿಣದ ಕಾಲು ಕೊಟ್ಟಿದ್ದೆ. ಗಾಡಿ ಮೇಲೆ ಹೋದರೂ ಹೊಸ್ತಿಲಿಗೆ ಏನೂ ತಾಗುವುದಿಲ್ಲ. ಮಾದಮ್ಮ ಬಗ್ಗಿ ಹಲಗೆಯ ಸಂದಿಗೆ ಬೆರಳು ತೂರಿಸಿ, ಈ ತುದಿಯಿಂದ ಆ ತುದಿಗೆ ಎಳೆದು ನೋಡಿ, "ಊಂ, ತಾಕಕಿಲ್ಲ" ಎಂದರು. ಪಕ್ಕದ ಮನೆಯ ಮಂಚಯ್ಯ ಜಗುಲಿಯಿಂದ ಬೀದಿಗೆ ಮಣ್ಣು ಕಲ್ಲು ಹಾಕಿ ಇಳುಕಲು ಮಾಡಿಕೊಟ್ಟ.

ಹೊನ್ನಪ್ಪ ಬಾಗಿಲುವಾಡವನ್ನು ಎರಡೂ ಕೈಯಲ್ಲಿ ಹಿಡಿದು ಎಳೆದುಕೊಂಡ. ಗಾಡಿ ಹಲಗೆ ಹತ್ತಿತು, ಇಳಿಯಿತು. ಬೀದಿಗೆ ಬಂದವನು ನಿಲ್ಲಲಿಲ್ಲ. ಸೀದಾ ಕೆರೆಯ ಏರಿಗೆ ಹೋದ. ನಾನೂ ಮಂಚಯ್ಯನೂ ಹಿಂದೆ ಓಡಿದೆವು. ಏರಿಯ ಮೇಲೆ ಗಾಡಿ ನಿಲ್ಲಿಸಿ ನೀರು ನೋಡುತ್ತಾ, "ಥೂ ನಿಮ್ಮಜ್ಜಿ, ಎಷ್ಟು ನೀರಲಾ ಮಂಚ!" ಎಂದು ಅಳತೊಡಗಿದ. ನಾನೂ ಅತ್ತೆ. ಸುಳ್ಳು ಯಾಕೆ ಹೇಳಲಿ.

ಅಲ್ಲಿಂದ ಎರಡು ವರ್ಷ ಅವನು ತಿರುಗದ ಬೀದಿಯಿಲ್ಲ. ಹಗ್ಗದ ಸಿಂಬಿಗಳನ್ನು ಗಾಡಿಯ ಹಿಂದೆ ಕಟ್ಟಿಕೊಂಡು ಮನೆಮನೆಗೆ ತಾನೇ ಕೊಟ್ಟುಬರುತ್ತಿದ್ದ. ಯಾರ ಹಸು ಕರು ಹಾಕಿದರೂ ಮೊದಲು ನೋಡುವವನು ಅವನೇ. ನಾನು ಗುರುವಾರ ದರ್ಗಾದಿಂದ ಬರುವ ಹೊತ್ತಿಗೆ ಬೀದಿಯ ತುದಿಯಲ್ಲೇ ಕಾದಿದ್ದು, "ಏನ್ ಬಾಯ್, ಬೇರಿಂಗು?" ಎಂದು ರೇಗಿಸುತ್ತಿದ್ದ.

ಒಂದು ವಿಷಯ ಮಾತ್ರ ಉಳಿದಿತ್ತು. ಹಲಗೆ ಹಾಕಿದ್ದರೆ ಬಾಗಿಲು ಮುಚ್ಚಲಾಗದು. ಹಾಗಾಗಿ ಸಂಜೆ ಹೊನ್ನಪ್ಪ ಒಳಗೆ ಬಂದ ಮೇಲೆ ಮಾದಮ್ಮ ಅದನ್ನು ಎಳೆದು ಹೊರಗೆ ಜಗುಲಿಯ ಗೋಡೆಗೆ ಒರಗಿಸುತ್ತಿದ್ದರು. ಬೀದಿಯ ಕೊಳೆ ತುಳಿದ ಹಲಗೆ ದೇವರಿರುವ ನಡುಮನೆಗೆ ಬೇಡ ಎಂದು ಅವರ ಹಟ. ಬೆಳಿಗ್ಗೆ ಎದ್ದು ಅಂಗಳ ಗುಡಿಸಿ, ಸಗಣಿ ನೀರು ಹಾಕಿ, ಹೊಸ್ತಿಲು ತೊಳೆದು, ಅರಿಶಿನ ಬಳಿದು, ಕುಂಕುಮ ಇಟ್ಟು, ಹೂವಿಟ್ಟು, ಆಮೇಲೆ ಹಲಗೆ ಎಳೆದು ಹಾಕುವರು. ಹೊನ್ನಪ್ಪ ಅಷ್ಟರಲ್ಲಿ ಗಾಡಿ ಹತ್ತಿ, ಕಾಲಿಗೆ ಪಟ್ಟಿ ಕಟ್ಟಿಕೊಂಡು, ಬಾಗಿಲ ಹತ್ತಿರ ಕಾದು ಕೂರುವನು. ಹಲಗೆ ಭಾರವಾಗಿತ್ತು. ಮಾದಮ್ಮನಿಗೆ ಅರವತ್ತೈದು ದಾಟಿತ್ತು. ಎಳೆಯುವಾಗ ಏದುಸಿರು ಬರುತ್ತಿತ್ತು.

ಒಂದು ಗುರುವಾರ ಹೊನ್ನಪ್ಪ ನನ್ನನ್ನು ಪಕ್ಕಕ್ಕೆ ಕರೆದ. "ಬಾಯ್, ಈ ಅಲಗೆನ ಎರ್ಡು ತುಂಡು ಮಾಡಿ ಮಧ್ಯಕ್ಕೆ ಕೀಲು ಕೊಡಿ. ಮಡಚಿ ಒಳ್ಗೇ ಇಟ್ಕತೀನಿ. ಬೆಳಿಗ್ಗೆ ಕುಂತ್ಕಂಡೇ ನಾನೇ ಬಿಚ್ಚಿ ಆಕ್ಕತೀನಿ. ಅವ್ವುಂಗೆ ಕೈಲಾಗ್ತಿಲ್ಲ. ಅದೂ ಅಲ್ದೆ, ದಾಟ್ಕಂಡು ಓಯ್ತೀನಿ ನಿಜ, ಆದ್ರೂ ಅವ್ವ ಅಲಗೆ ಆಕೋ ಗಂಟ ನಾನು ಒಳ್ಗೇ ಅಲ್ವಾ?"

ಮಾದಮ್ಮನಿಗೆ ಕೇಳಿಸಿಬಿಟ್ಟಿತು. ಒಲೆಯ ಮುಂದಿನಿಂದ ಎದ್ದೇ ಬಂದರು. "ಯಾಕ್ ಮಗ, ನಾನಿಲ್ವಾ? ಇಷ್ಟು ವರ್ಸ ಎತ್ತಿ ಇಳ್ಸುದ್ ಕೈಗೆ ಒಂದ್ ಅಲಗೆ ಭಾರ್ವಾ? ನಾನ್ ಇರೋ ಗಂಟ ನಾನೇ ಆಕ್ತೀನಿ. ನಾನ್ ಓದ್ಮ್ಯಾಲೆ ಕೀಲಾರ ಆಕ್ಸ್ಕೊ, ಇನ್ನೇನಾರ ಆಕ್ಸ್ಕೊ."

ಅವರ ಕಣ್ಣಲ್ಲಿ ನೀರು ತುಂಬಿತ್ತು. ಆಚೆ ಬಂದ ಮೇಲೆ ಹೊನ್ನಪ್ಪನಿಗೆ, "ಇರ್ಲಿ ಬುಡ್ಲಾ, ಪಾಪ, ಅದೊಂದು ಕೆಲಸ ಅವರ ಕೈಲಿರಲಿ. ನಿಧಾನಕ್ಕೆ ಮಾಡಿಕೊಡ್ತೀನಿ" ಎಂದೆ. ಅವನು, "ಮರೀಬ್ಯಾಡಿ ಬಾಯ್" ಎಂದಷ್ಟೇ ಹೇಳಿದ.

ಮರೆಯಲಿಲ್ಲ ನಾನು, ಮುಂದಕ್ಕೆ ಹಾಕಿದೆ. ಸ್ಕೂಲು ಶುರುವಾಗುವ ಕಾಲ, ಅಂಗಡಿಯಲ್ಲಿ ಕೈತುಂಬ ಕೆಲಸ. ಆಮೇಲೆ ಮಗಳು ನೂರ್ ಫಾತಿಮಾಳ ಬಾಣಂತನ. ಪ್ರತಿ ಗುರುವಾರ ಅವನು ಕೇಳುವುದು, ನಾನು ಮುಂದಿನ ವಾರ ಎನ್ನುವುದು. ಅವನು ಕೇಳಿದಾಗೆಲ್ಲ ಮಾದಮ್ಮನ ಕಣ್ಣು ನೆನಪಾಗುತ್ತಿತ್ತು. ತಾಯಿಯ ಮನಸ್ಸು ನೋಯಿಸಬಾರದು ಎಂಬುದೇ ದೊಡ್ಡ ಧರ್ಮ ಎಂದುಕೊಂಡು, ಮಗ ಬಾಯಿ ಬಿಟ್ಟು ಕೇಳಿದ್ದನ್ನು ಹಾಗೇ ಬಿಟ್ಟೆ.

ತೊಂಬತ್ತೇಳನೇ ಇಸವಿ ಶ್ರಾವಣದ ಒಂದು ಗುರುವಾರ ಹೋಗಿದ್ದೆ. ಟೀ ಕುಡಿದೆ. ಹರಟೆ ಹೊಡೆದೆ. ಬಂದೆ. ಮಾರನೆಯ ದಿನ ಹತ್ತು ಗಂಟೆಗೆ ಮಂಚಯ್ಯ ಅಂಗಡಿಗೆ ಬಂದು ನಿಂತ.

"ಮಾದಮ್ಮಕ್ಕ ಓಗ್ಬುಡ್ತು ಸಾಬಣ್ಣ" ಎಂದ.

ನಡೆದದ್ದನ್ನು ಆಮೇಲೆ ಹೊನ್ನಪ್ಪನೇ ಹೇಳಿದ. ಒಂದೇ ಸಲ ಹೇಳಿದ, ಮತ್ತೆ ಯಾವತ್ತೂ ಹೇಳಲಿಲ್ಲ.

ಶ್ರಾವಣ ಶುಕ್ರವಾರ, ಹೊಸ್ತಿಲಿಗೆ ದಿನಕ್ಕಿಂತ ಹೆಚ್ಚಿನ ಪೂಜೆ. ಹೊನ್ನಪ್ಪ ಗಾಡಿಯಲ್ಲಿ ಕೂತು, ಕಾಲಿಗೆ ಪಟ್ಟಿ ಬಿಗಿದುಕೊಂಡು ನೋಡುತ್ತಿದ್ದ. ಮಾದಮ್ಮ ಹೊರಗೆ ಜಗುಲಿಯ ಮೇಲೆ ಕುಕ್ಕರುಗಾಲಲ್ಲಿ ಕೂತು ಹೊಸ್ತಿಲು ತೊಳೆದು, ಅರಿಶಿನ ಬಳಿಯುತ್ತಿದ್ದರು. ಬಳಿಯುತ್ತಿದ್ದ ಕೈ ನಿಂತಿತು. ಎದೆ ಹಿಡಿದುಕೊಂಡು ಹಾಗೇ ಮಗ್ಗುಲಿಗೆ ಒರಗಿದರು. ತಲೆ ಹೊಸ್ತಿಲ ಕಡೆ, ನೀರಿನ ಚೊಂಬು ಆ ಕಡೆ. ಹಲಗೆ ಗೋಡೆಗೆ ಒರಗಿತ್ತು.

"ಬೀದಿ ಕಿತ್ತೋಗೋ ಅಂಗೆ ಕೂಗ್ದೆ ಬಾಯ್" ಎಂದ ಹೊನ್ನಪ್ಪ. "ಎಲ್ರೂ ಡೈರಿಗೆ ಹಾಲಾಕಕೆ ಓಗಿದ್ರು. ಅವ್ವ ಕಣ್ ಬುಟ್ಕಂಡು ನನ್ನೇ ನೋಡ್ತಿತ್ತು. 'ನೀರು ಮಗ' ಅಂತು. ಎರ್ಡ್ ಸಲ ಅಂತು."

ಅವನು ಮುಂದಕ್ಕೆ ಬಾಗಿ ಹೊಸ್ತಿಲಿನ ಮೇಲೆ ಧುಮುಕಿದ್ದಾನೆ. ಪಟ್ಟಿ ಬಿಚ್ಚಬೇಕು ಎಂಬುದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಗಾಡಿ ಅವನ ಮೇಲೆಯೇ ಮಗುಚಿತು. ಕಾಲು ಗಾಡಿಯಲ್ಲಿ, ಗಾಡಿ ಬಾಗಿಲುವಾಡಕ್ಕೆ ಸಿಕ್ಕಿಕೊಂಡಿತು, ಎದೆ ಹೊಸ್ತಿಲ ಮೇಲೆ. ತೋಳಿನ ಬಲದಿಂದ ಎಷ್ಟು ಎಳೆದರೂ ಒಂದಿಷ್ಟೂ ಮುಂದಕ್ಕೆ ಬರಲಾಗಲಿಲ್ಲ. ಕೈ ಚಾಚಿದ. ತಾಯಿಯ ಹಣೆ ಎಟುಕಿತು.

"ಚೊಂಬು ಸಿಗ್ನಿಲ್ಲ ಬಾಯ್. ಒಸ್ಲು ಮ್ಯಾಲೆ ಅವ್ವ ತೊಳ್ದಿದ್ದ ನೀರು ನಿಂತಿತ್ತಲ್ಲ, ಅರ್ಸ್ನದ ನೀರು, ಅದ್ರಲ್ಲೇ ಬೆರ್ಳು ಅದ್ದುದೆ. ಬಾಯ್ಗಂಟ ಎಟುಕ್ನಿಲ್ಲ. ಹಣೆಗೇ ಬುಟ್ಟೆ. ಹಣೆಗೇ ಬುಟ್ಟೆ ಬಾಯ್."

ಮಂಚಯ್ಯ ಡೈರಿಯಿಂದ ಬಂದು ನೋಡಿದಾಗ ಅವನು ಇನ್ನೂ ಬೆರಳು ಅದ್ದಿ ಅದ್ದಿ ಹಣೆಗೆ ಬಿಡುತ್ತಲೇ ಇದ್ದನಂತೆ.

ಅವರ ಹೊಲದಲ್ಲೇ ಗಂಡನ ಪಕ್ಕಕ್ಕೆ ಮಾದಮ್ಮನನ್ನು ಮಣ್ಣು ಮಾಡಿದರು. ಹೊಲಕ್ಕೆ ಹೊನ್ನಪ್ಪನನ್ನು ಮಂಚಯ್ಯನೂ ಇನ್ನೊಬ್ಬರೂ ಹೊತ್ತುಕೊಂಡು ಹೋದರು. ಗಾಡಿಯ ಮುಂದಿನ ಗಾಲಿ ಸೊಟ್ಟಗಾಗಿತ್ತು. ಎರಡು ವರ್ಷದ ಮೇಲೆ ಮತ್ತೆ ಅವನು ಇನ್ನೊಬ್ಬರ ತೋಳಿನ ಮೇಲೆ ಬಾಗಿಲು ದಾಟಿದ.

ಮೂರನೆಯ ದಿನ ಹಾಲುತುಪ್ಪ ಮುಗಿಯಿತು. ನೆಂಟರು, ಬೀದಿಯವರು ಜಗುಲಿಯ ಮೇಲೆ ಕೂತು, ಈ ಹೊಸ್ತಿಲಿನಿಂದಲೇ ಇಷ್ಟೆಲ್ಲ ಆದದ್ದು, ಈಗ ಬೇಡ ಎನ್ನುವವರೂ ಇಲ್ಲ, ಕುಯ್ದು ಹಾಕಿ ಎಂದರು. ನಾನು ಗರಗಸ ತಂದೇ ಇದ್ದೆ. ನಿಜ ಹೇಳುತ್ತೇನೆ, ಅದನ್ನು ಚೂರು ಚೂರು ಮಾಡುವಷ್ಟು ಸಿಟ್ಟು ನನಗಿತ್ತು. ಮರದ ಮೇಲೆ ಸಿಟ್ಟು ಮಾಡಿಕೊಂಡರೆ ನನ್ನ ಮೇಲಿನ ಸಿಟ್ಟು ಇಳಿಯುತ್ತದೆ ಎಂದುಕೊಂಡಿದ್ದೆನೋ ಏನೋ.

ಹೊನ್ನಪ್ಪ ಒಳಗಿನಿಂದಲೇ, "ಅದ್ಕೆ ಯಾರೂ ಕೈಯಾಕ್ಬ್ಯಾಡಿ" ಎಂದ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಬಾಯ್, ಕೀಲು ತಂದಿದ್ದೀರಾ?" ಎಂದು ಕೇಳಿದ.

ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಸೈಕಲ್ ಹತ್ತಿ ಪಾಂಡವಪುರಕ್ಕೆ ಹೋಗಿ ಎರಡು ಬಾಗಿಲ ಕೀಲು, ಎಂಟು ಸ್ಕ್ರೂ ತಂದೆ. ಹಲಗೆಯನ್ನು ನಡುವೆ ಕುಯ್ದೆ, ಕೀಲು ಹೊಡೆದೆ, ಬೇಡದ ಮರ ಕೆತ್ತಿ ಹಗುರ ಮಾಡಿದೆ. ಮಡಚಲು ಬಿಚ್ಚಲು ಅವನೇ ಹೊಸೆದ ಹಗ್ಗವೊಂದನ್ನು ತುದಿಗೆ ಕಟ್ಟಿದೆ. ಗಾಡಿಯ ಗಾಲಿ ನೆಟ್ಟಗೆ ಮಾಡಿದೆ. ಕಾಲಿನ ಪಟ್ಟಿ ಕಿತ್ತು, ಒಂದು ಎಳೆತಕ್ಕೆ ಬಿಚ್ಚಿಕೊಳ್ಳುವ ಹಾಗೆ ಬೇರೆ ಹಾಕಿದೆ. ಹಲಗೆಯ ಕೆಲಸಕ್ಕೆ ಹಿಡಿದದ್ದು ಅರ್ಧ ಗಂಟೆ. ಒಂದು ವರ್ಷಕ್ಕೂ ಮೇಲೆ ಮುಂದಕ್ಕೆ ಹಾಕಿದ್ದ ಕೆಲಸಕ್ಕೆ ಅರ್ಧ ಗಂಟೆ. ಅಲ್ಲಾ ನನ್ನನ್ನು ಕ್ಷಮಿಸಬಹುದು, ನಾನು ಕ್ಷಮಿಸಿಕೊಂಡಿಲ್ಲ.

ಅವತ್ತು ಅಲ್ಲೇ ಉಳಿದೆ. ಬೆಳಿಗ್ಗೆ ಎಚ್ಚರವಾದಾಗ ಹೊನ್ನಪ್ಪ ಬಾಗಿಲು ತೆರೆದು, ಗಾಡಿಯನ್ನು ಹೊಸ್ತಿಲಿಗೆ ಪಕ್ಕವಾಗಿ ನಿಲ್ಲಿಸಿಕೊಂಡು ಬಗ್ಗಿದ್ದ. ಚೊಂಬಿನ ನೀರಿನಿಂದ ಹೊಸ್ತಿಲು ತೊಳೆದ. ಅರಿಶಿನ ಬಳಿದ. ಕೈ ಎಟುಕುವಷ್ಟು ಬಳಿದು, ಗಾಡಿ ತಿರುಗಿಸಿಕೊಂಡು ಉಳಿದರ್ಧ ಬಳಿದ. ಗಂಡಸರು ಮಾಡುವ ಕೆಲಸವಲ್ಲ ಅದು, ಬಳಿದದ್ದು ಸೊಟ್ಟಸೊಟ್ಟಗಿತ್ತು. ಆಮೇಲೆ ಒಳಗಿದ್ದ ಹಲಗೆಯನ್ನು ಎಳೆದು, ಹಗ್ಗ ಸಡಿಲ ಬಿಟ್ಟ. ಹಲಗೆ ಬಿಚ್ಚಿಕೊಂಡು ಹೊಸ್ತಿಲ ಮೇಲೆ ಹೋಗಿ ಕೂತಿತು. ಅವನು ಸಂದಿಗೆ ಬೆರಳು ತೂರಿಸಿ, ತಾಯಿಯ ಹಾಗೆಯೇ, ಈ ತುದಿಯಿಂದ ಆ ತುದಿಗೆ ಎಳೆದು ನೋಡಿದ.

ಚೊಂಬು ತುಂಬಿಸಿ ತೊಡೆಗಳ ನಡುವೆ ಇಟ್ಟುಕೊಂಡು ಹೊರಟ. ನಾನು ಹಿಂದೆ ನಡೆದೆ. ಹೊಲದ ಬದುವಿನಲ್ಲಿ ಗಾಲಿ ಹೂತುಕೊಂಡಿತು. ನೂಕಲು ಕೈ ಹಾಕಿದೆ.

"ಬ್ಯಾಡ ಬಾಯ್. ನಾನೇ ಓಯ್ತೀನಿ."

ತೋಳಿನ ನರಗಳು ಉಬ್ಬಿ ಬಂದವು. ಹಿಂದಕ್ಕೆ, ಮುಂದಕ್ಕೆ, ಮತ್ತೆ ಹಿಂದಕ್ಕೆ. ಬಹಳ ಹೊತ್ತು ಹಿಡಿಯಿತು. ಚೊಂಬಿನ ನೀರು ಅರ್ಧ ಚೆಲ್ಲಿತು. ತಾಯಿಯನ್ನು ಮಣ್ಣು ಮಾಡಿದ ಗುದ್ದಿನ ಪಕ್ಕಕ್ಕೆ ಗಾಡಿ ನಿಲ್ಲಿಸಿ, ತಲೆ ಯಾವ ಕಡೆ ಎಂದು ನನ್ನನ್ನು ಕೇಳಿದ. ತೋರಿಸಿದೆ. ಪಟ್ಟಿ ಎಳೆದು ಬಿಚ್ಚಿ, ಗಾಡಿಯಿಂದ ಮಣ್ಣಿನ ಮೇಲಕ್ಕೆ ಇಳಿದು, ತೆವಳಿಕೊಂಡು ತಲೆಯ ಕಡೆಗೆ ಹೋದ. ಹಣೆ ಎಲ್ಲಿರುತ್ತದೆ, ಬಾಯಿ ಎಲ್ಲಿರುತ್ತದೆ ಎಂದು ಗೇಣು ಹಾಕಿ ಅಳೆದ. ಅಳೆದ ಜಾಗದಲ್ಲಿ ಮಣ್ಣನ್ನು ಬೆರಳಿನಿಂದ ಸ್ವಲ್ಪ ಬಿಡಿಸಿ, ಚೊಂಬಿನಲ್ಲಿ ಉಳಿದಿದ್ದ ನೀರನ್ನೆಲ್ಲ ಅಲ್ಲಿಗೆ ಬಿಟ್ಟ.

"ಕುಡಿಯವ್ವ" ಎಂದ. "ನಾನೇ ಬಂದಿವ್ನಿ, ಯಾರ್ನೂ ಕೂಗ್ನಿಲ್ಲ."